ಏಳನೇ ಸಲ ಸೂಟ್‌ಕೇಸು ಹಗುರವಾಗಿತ್ತು

ಹೊರಡುವ ದಿನ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಅಕ್ಕ ಹುಬ್ಬು ಗಂಟಿಕ್ಕಿದ್ದಳು.

"ಏನೇ ಇದು, ಖಾಲಿ ಡಬ್ಬ ಇದ್ದ ಹಾಗಿದೆ? ಮೂರು ವಾರಕ್ಕೆ ಹೋಗ್ತಿದ್ದೀಯೋ, ಪಕ್ಕದ ಬೀದಿಗೋ?"

"ಬಟ್ಟೆಯೆಲ್ಲ ಅಲ್ಲೇ ಇದೆಯಲ್ಲಕ್ಕ."

"ಬಟ್ಟೆ ಅಲ್ಲಿ, ಮನಸ್ಸು ಅಲ್ಲಿ, ಪಾಸ್‌ಪೋರ್ಟ್ ಮಾತ್ರ ಇಲ್ಲಿ. ಪದೇ ಪದೇ ಹೋದ್ರೆ ನೆಂಟರ ಮನೇಲೇ ಮುಖ ಸಿಂಡರಿಸ್ತಾರೆ, ಇನ್ನು ಅದು ಬೇರೆ ದೇಶ. ಯಾಕೋ ಈ ಸಲ ನಂಗೆ ಸರಿ ಕಾಣ್ತಿಲ್ಲ ಕಣೇ."

ತಂಗಿ ನಕ್ಕುಬಿಟ್ಟಿದ್ದಳು. ಈಗ ವಿಮಾನ ಇಳಿದು, ಪಾಸ್‌ಪೋರ್ಟ್ ತೋರಿಸುವ ಸಾಲಿನಿಂದ ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಕಿಟಕಿಯಿಲ್ಲದ ಈ ಕೋಣೆಯಲ್ಲಿ ಕೂರಿಸಿದಾಗ ಅಕ್ಕನ ಆ ಮಾತು ನೆನಪಾಯಿತು.

ಮೇಜಿನಾಚೆಯ ಅಧಿಕಾರಿಣಿ ಪುಟ ತಿರುವುತ್ತಿದ್ದಳು. ಎರಡೂವರೆ ವರ್ಷ, ಆರು ಮುದ್ರೆ. ಒಂದೊಂದು ಮುದ್ರೆಯ ಮೇಲೂ ಬೆರಳಿಟ್ಟು ಮುಂದೆ ಹೋಗುತ್ತಿದ್ದಳು. ಅಧಿಕಾರಿಣಿಯ ಮೇಲಿನ ಸಾಲಿನ ಒಂದು ಹಲ್ಲು ಕಟ್ಟಿಸಿದ್ದು, ಬಣ್ಣ ಒಂದು ಛಾಯೆ ಹೆಚ್ಚು ಬಿಳಿ. ಇಂಥ ಹೊತ್ತಿನಲ್ಲೂ ಕಣ್ಣು ಅಲ್ಲಿಗೇ ಹೋಯಿತು. ಹದಿನೈದು ವರ್ಷದಿಂದ ಲ್ಯಾಬಿನಲ್ಲಿ ಊರವರ ಹಲ್ಲು ಮಾಡಿಕೊಡುವವಳಿಗೆ ಅದು ಹುಟ್ಟುಗುಣವೇ ಆಗಿಹೋಗಿತ್ತು.

"ಯಾರನ್ನು ನೋಡಲು ಬಂದಿದ್ದೀರಿ?"

"ಸ್ನೇಹಿತ." ಆರು ಸಲವೂ ಫಾರಂನಲ್ಲಿ ಅದನ್ನೇ ಬರೆದಿದ್ದಳು. ಬೇರೆ ಏನೆಂದು ಬರೆಯುವುದು? ಅವನು ಬಾಯಿ ಬಿಟ್ಟು ಏನನ್ನೂ ಹೇಳಿದವನಲ್ಲ.

ಊರಿನಲ್ಲಿ ಒಮ್ಮೆ ಲ್ಯಾಬಿನ ಲಿಫ್ಟ್ ಕೆಟ್ಟು ಎರಡು ಮಹಡಿಗಳ ನಡುವೆ ಅವಳು ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಾಗ ಬಾಗಿಲು ತೆರೆದು ಕೈ ಚಾಚಿದ ಲಿಫ್ಟ್ ರಿಪೇರಿಯವನು ಅವನು. "ಭಯ ಆಯ್ತಾ?" ಎಂದು ಕೇಳಿದ. "ಇಲ್ಲ," ಎಂದಳು. "ಸುಳ್ಳು," ಎಂದು ನಕ್ಕ. ಕೋರೆಹಲ್ಲಿನ ತುದಿ ಮುರಿದಿತ್ತು. ಆ ಮುರುಕು ನಗೆಗೇ ಅವಳು ಬಿದ್ದುಹೋದದ್ದು. ವರ್ಷದೊಳಗೆ ಲಿಫ್ಟ್ ಕಂಪನಿಯೊಂದು ಅವನನ್ನು ಈ ದೇಶಕ್ಕೆ ಕರೆಸಿಕೊಂಡಿತು. ಕಾಯಂ ವಾಸದ ಅನುಮತಿ ಸಿಗುವ ತನಕ ಅವನು ದೇಶ ಬಿಡುವಂತಿಲ್ಲ, ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಅದಕ್ಕೇ ಪ್ರತಿಸಲ ಅವಳೇ ಬರುತ್ತಿದ್ದಳು.

ಮೊದಲ ಸಲ ಅವನ ಮನೆಯಲ್ಲಿ ಬಾಚಣಿಗೆ ನಿಜವಾಗಿಯೂ ಮರೆತುಬಂದಿದ್ದಳು. ಅವನು ಅದನ್ನು ಕನ್ನಡಿಯ ಪಕ್ಕ ಒಂದು ಲೋಟದಲ್ಲಿ ನಿಲ್ಲಿಸಿ ಫೋಟೋ ಕಳಿಸಿದ. ಒಂದಕ್ಷರ ಬರೆದಿರಲಿಲ್ಲ. ಆಮೇಲಿನದೆಲ್ಲ ಬೇಕೆಂದೇ ಮರೆತದ್ದು: ಚಪ್ಪಲಿ, ಶಾಲು, ಚಳಿಯ ಕೋಟು. ಅವನು ಸದ್ದಿಲ್ಲದೆ ಬೀರುವಿನ ಅರ್ಧ ಖಾಲಿ ಮಾಡಿಕೊಟ್ಟ.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿನ್ನ ಹತ್ರ ಬಂಗಾರ ಸ್ವಲ್ಪ ಜಾಸ್ತೀನೇ ಆಯ್ತು," ಎಂದು ಹೋದ ಸಲ ಕೆಣಕಿದ್ದಳು.

ಅವನು ತಲೆ ತಗ್ಗಿಸಿ, ಓರೆಗಣ್ಣಲ್ಲಿ ಒಮ್ಮೆ ನೋಡಿ, "ಕಾಫಿ ಮಾಡ್ಲಾ ಹಲ್ಲಮ್ಮ?" ಎಂದಿದ್ದ.

"ಸೂಟ್‌ಕೇಸ್ ತೆರೆಯಿರಿ," ಎಂದಳು ಅಧಿಕಾರಿಣಿ.

ಎರಡು ಜೊತೆ ಬಟ್ಟೆ. ಒಂದು ಪುಸ್ತಕ. ಹತ್ತಿಯಲ್ಲಿ ಸುತ್ತಿದ ಬೆರಳುದ್ದದ ಡಬ್ಬಿ. ಅಧಿಕಾರಿಣಿ ಮುಚ್ಚಳ ತೆಗೆದು ಬೆಚ್ಚಿದಳು. ಒಳಗೆ ಒಂದು ಹಲ್ಲು ಇತ್ತು.

"ಏನಿದು?"

"ಅವನ ಮುರಿದ ಹಲ್ಲಿಗೆ ಹಾಕೋ ಕ್ಯಾಪ್. ನಾನೇ ಮಾಡಿದ್ದು. ಹೋದ ಸಲ ಅಳತೆ ತಗೊಂಡಿದ್ದೆ."

"ಹಾಗಾದರೆ ಪ್ರವಾಸಿ ವೀಸಾದಲ್ಲಿ ಬಂದು ಇಲ್ಲಿ ಕೆಲಸ ಮಾಡುತ್ತೀರಿ."

"ಅಯ್ಯೋ ಇಲ್ಲ ಮೇಡಂ! ಇದು... ಪ್ರೀತಿಗೆ ಮಾಡಿದ್ದು." ಸ್ನೇಹಿತ ಎಂದ ಬಾಯಿಂದಲೇ ಆ ಮಾತು ಜಾರಿತು.

"ಮೂರು ವಾರಕ್ಕೆ ಎರಡೇ ಜೊತೆ. ಉಳಿದ ಬಟ್ಟೆ ಎಲ್ಲಿದೆ?"

ಒಂದೊಂದಾಗಿ ಆಸೆಯಿಂದ ಬಿಟ್ಟುಬಂದದ್ದೆಲ್ಲ ಈಗ ಒಟ್ಟಾಗಿ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ನೋಡಲು ಬರುವವಳ ಸಾಮಾನು ಹೀಗಿರುವುದಿಲ್ಲ, ವಾಸಕ್ಕೆ ಬರುವವಳದ್ದು ಹೀಗಿರುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತಿತ್ತು.

ಅಧಿಕಾರಿಣಿ ಹೊರಗೆ ಕಾಯುತ್ತಿದ್ದ ಅವನ ನಂಬರು ತೆಗೆದುಕೊಂಡು ಪಕ್ಕದ ಗಾಜಿನ ಕೋಣೆಗೆ ಹೋದಳು. ಅಲ್ಲಿಂದ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಫೋನು ಕಿವಿಗಿಟ್ಟು ಅವಳು ಬರೆಯುತ್ತಿರುವುದು ಮಾತ್ರ ಕಾಣುತ್ತಿತ್ತು. ಒಂದು ಪುಟ ತುಂಬಿತು. ತಿರುವಿದಳು. ಮತ್ತೆ ಬರೆದಳು. ನಾಲ್ಕು ಮಾತು ಆಡಿದರೆ ಐದನೆಯದಕ್ಕೆ ದಣಿಯುವ ಮನುಷ್ಯ, ಇಷ್ಟು ಹೊತ್ತು ಏನು ಹೇಳುತ್ತಿದ್ದಾನೆ? ಬೇಡ ಮಾರಾಯ, ಸುಮ್ಮನಿರು, ಇವತ್ತೊಂದು ದಿನ ಎಂದಿನ ಹಾಗೆ ಸುಮ್ಮನಿರು ಎಂದು ಬೇಡಿಕೊಂಡಳು.

ಅಧಿಕಾರಿಣಿ ಬಂದು ಕುಳಿತಳು. "ಅವರ ಹೇಳಿಕೆಯನ್ನು ನಿಮಗೆ ಓದಿ ಹೇಳಬೇಕು. ಅದು ನಿಯಮ."

ಒಣ ದನಿಯಲ್ಲಿ ಓದಿದಳು.

"'ಎಷ್ಟು ದಿನ ಇರುತ್ತಾರೆ?' ಉತ್ತರ: 'ಮೂರು ವಾರ ಅಂತ ಟಿಕೆಟ್ ಇದೆ. ಆದರೆ ನನ್ನನ್ನು ಕೇಳಿದರೆ, ವಾಪಸ್ ಕಳಿಸುವ ಮನಸ್ಸಿಲ್ಲ. ಆರು ಸಲ ಕಳಿಸಿದ್ದೇನೆ. ಆರು ಸಲವೂ ಮನೆಗೆ ಹೋಗಿ ಬೀರು ತೆರೆದು ಅವಳ ಕೋಟಿನ ಮುಂದೆ ನಿಂತಿದ್ದೇನೆ. ಈ ಸಲ ಮದುವೆಯಾಗು ಅಂತ ಕೇಳುವವನಿದ್ದೇನೆ. ಹೇಗೆ ಕೇಳುವುದೆಂದು ಎರಡು ತಿಂಗಳಿಂದ ಲಿಫ್ಟಿನೊಳಗೆ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ದಯವಿಟ್ಟು ಅವಳಿಗೆ ಹೇಳಬೇಡಿ.'"

ಎರಡೂವರೆ ವರ್ಷ ಕಾದ ಮಾತು, ಯಾರದೋ ಬಾಯಿಂದ, ಅವಳನ್ನು ಓಡಿಸಲು ಕಾರಣವಾಗಿ ಬಂದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಅಧಿಕಾರಿಣಿ ಕಾಗದ ಮುಂದೆ ಸರಿಸಿದಳು. ದನಿ ಸ್ವಲ್ಪ ಮೆತ್ತಗಾಗಿತ್ತು. "ಇಲ್ಲೇ ನೆಲೆಸುವ ಉದ್ದೇಶ ಇರುವವರಿಗೆ ಈ ವೀಸಾದಲ್ಲಿ ಪ್ರವೇಶವಿಲ್ಲ. 'ಅವರು ಹೇಳಿದ್ದು ಅವರ ಕಲ್ಪನೆ, ನನಗೆ ಅಂಥ ಸಂಬಂಧವೂ ಇಲ್ಲ, ಉದ್ದೇಶವೂ ಇಲ್ಲ' ಎಂದು ಬರೆದು ಸಹಿ ಮಾಡಿ. ಈ ಒಂದು ಸಲ ಬಿಡುತ್ತೇನೆ. ಇಲ್ಲದಿದ್ದರೆ ಸಂಜೆಯ ವಿಮಾನದಲ್ಲಿ ವಾಪಸ್. ಆಮೇಲೆ ಈ ವೀಸಾದಲ್ಲಿ ಬರುವುದು ಕಷ್ಟ."

ಅವನು ಇದ್ದದ್ದು ಗೋಡೆಯಾಚೆ, ನೂರು ಹೆಜ್ಜೆ ದೂರದಲ್ಲಿ. ಒಂದು ಸುಳ್ಳು ಬರೆದರೆ ಐದು ನಿಮಿಷದಲ್ಲಿ ಆ ಮುರುಕು ನಗೆ ಎದುರಿಗಿರುತ್ತದೆ.

"ಈ ಕಾಗದ ಎಷ್ಟು ದಿನ ಇಟ್ಕೊಳ್ತೀರಿ?"

"ಎಸೆಯುವುದಿಲ್ಲ. ಮುಂದೆ ನೀವಿಬ್ಬರೂ ಯಾವ ಅರ್ಜಿ ಹಾಕಿದರೂ ಇದು ಜೊತೆಗಿರುತ್ತದೆ."

ಅವಳು ಪೆನ್ನು ತೆಗೆದುಕೊಂಡಳು. "ಅವನು ಹೇಳಿದ್ದು ನಿಜ. ಅವನು ಸ್ನೇಹಿತನಲ್ಲ. ನನಗೆ ಒಪ್ಪಿಗೆ ಇದೆ," ಎಂದು ಬರೆದು ಸಹಿ ಹಾಕಿದಳು.

ಅಧಿಕಾರಿಣಿ ಅದನ್ನು ಎರಡು ಸಲ ಓದಿದಳು. ಮುದ್ರೆ ಒತ್ತಿದಳು. ಆಮೇಲೆ ಮೇಜಿನ ಫೋನನ್ನು ಅವಳ ಕಡೆ ತಿರುಗಿಸಿ, "ಎರಡು ನಿಮಿಷ," ಎಂದಳು.

"ಹಲ್ಲಮ್ಮ? ಬಿಟ್ರಾ?" ಅವನ ದನಿ.

"ಇಲ್ಲ. ಸಂಜೆ ವಾಪಸ್."

"ನನ್ನಿಂದ್ಲೇ ಆಯ್ತು. ಜೀವಮಾನದಲ್ಲಿ ಒಂದು ಸಲ ಬಾಯಿ ಬಿಟ್ಟೆ..."

"ಓದಿ ಹೇಳಿದ್ರು ನಂಗೆ."

"ಹೇಳ್ಬೇಡಿ ಅಂದಿದ್ದೆ."

"ಅದನ್ನೂ ಓದಿದ್ರು."

"ನೀನು ಏನಂದೆ?"

"ಬರೆದುಕೊಟ್ಟೆ, ಒಪ್ಪಿಗೆ ಅಂತ. ಅದಕ್ಕೇ ವಾಪಸ್ ಹೋಗ್ತಿರೋದು."

ಗೋಡೆಯ ಗಡಿಯಾರ ಓಡುತ್ತಿತ್ತು. ಅವನ ಅನುಮತಿಗೆ ಇನ್ನೂ ಎಂಟು ತಿಂಗಳು. ಎಂಟು ತಿಂಗಳಲ್ಲಿ ಏನೇನು ಆಗಬಹುದು, ಈ ಕಾಗದ ಅವನ ಅರ್ಜಿಗೇ ಕುತ್ತಾಗಬಹುದಲ್ಲವೇ ಎಂಬ ಭಯ ಅವಳಿಗೆ ಈಗ ಹುಟ್ಟಿತು.

"ಈಗಲೇ ಕೇಳ್ಬಿಡ್ತೀನಿ, ನಾನೇ ನನ್ನ ಬಾಯಲ್ಲಿ..." ಎಂದ ಅವನು.

"ಬೇಡ. ನಮ್ಮನೆ ಬಾಗಿಲಲ್ಲಿ ನಿಂತು ಕೇಳು. ಅಕ್ಕನಿಗೂ ಕೇಳಿಸ್ಲಿ."

"ಎಂಟು ತಿಂಗಳಾಗುತ್ತಲ್ಲೇ. ಅವರು ಅನುಮತಿ ಕೊಡದೇ ಹೋದ್ರೆ?"

"ಕೊಟ್ರೂ ಬಾ, ಕೊಡದಿದ್ರೂ ಬಾ. ನಾನು ಏಳು ಸಲ ಬಂದಿದ್ದೀನಿ. ನೀನು ಒಂದು ಸಲ ಬಾ."

ಅಧಿಕಾರಿಣಿ ಗಡಿಯಾರ ನೋಡಿ ಕೈ ಮುಂದೆ ಚಾಚಿದಳು.

"ನಿನ್ನ ಹಲ್ಲು ನನ್ನ ಹತ್ರಾನೇ ಇದೆ," ಎಂದು ಅವಳು ಅವಸರದಲ್ಲಿ ಹೇಳಿದಳು. "ಅದಕ್ಕಾದ್ರೂ ಬಾ."