ಬಳಸೂರಿನ ಕೈಮರಗಳು

ಬಹಳ ಹಿಂದೆ, ಬೀದಿಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಬಳಸೂರು ಎಂಬ ಒಂದು ರಾಜ್ಯವಿತ್ತು. ರಾಜ್ಯವೆಂದರೆ ಒಂದೇ ಊರು, ಆ ಊರಿಗೆ ಒಂದೇ ಬಾಗಿಲು. ಒಳಗಿನ ಜನ ಬಲು ಮರ್ಯಾದಸ್ಥರು. ಬಂದವರಿಗೆ ಬೆಲ್ಲ ನೀರು ಕೊಟ್ಟು ಜಗಲಿಯ ಮೇಲೆ ಕೂರಿಸುತ್ತಿದ್ದರು. ಆದರೆ ಅವರಿಗೊಂದು ಚಾಳಿಯಿತ್ತು. ಪರಸ್ಥಳದವರು ದಾರಿ ಕೇಳಿದರೆ ಪ್ರಾಣ ಹೋದರೂ "ಗೊತ್ತಿಲ್ಲ" ಎನ್ನುತ್ತಿರಲಿಲ್ಲ. ಕೇಳಿದವರನ್ನು ಹಾಗೇ ಕಳಿಸಿದರೆ ಮನೆತನಕ್ಕೇ ಅವಮಾನ ಎಂದು ನಂಬಿದ್ದರು. ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೂ ಕೈ ಎತ್ತಿ ಯಾವುದೋ ಒಂದು ಕಡೆ ತೋರಿಸುತ್ತಿದ್ದರು. ಇಂಥ ಮರ್ಯಾದೆಯನ್ನು ನೀವೂ ಎಲ್ಲಾದರೂ ಕಂಡಿರುತ್ತೀರಿ.

ಈ ಚಾಳಿಯ ಮೇಲೆ ಗೋಜಲ ಎಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಊರ ನಡುವೆ ಗೋಪುರ ಕಟ್ಟಿಕೊಂಡು ಮಂತ್ರ ಹಾಕಿದ. ಅಂದಿನಿಂದ ಯಾರಾದರೂ ತಮಗೆ ಗೊತ್ತಿಲ್ಲದ ದಾರಿ ತೋರಿಸಿದರೆ, ತೋರಿಸಿದ ಕಡೆ ಹೊಸದೊಂದು ಓಣಿ ಹುಟ್ಟುತ್ತಿತ್ತು. ಆ ಓಣಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅದರಲ್ಲಿ ಅಲೆದವರು ಕಳೆದುಕೊಂಡ ಹೊತ್ತನ್ನೆಲ್ಲ ಗೋಜಲ ಗೋಪುರದಲ್ಲಿ ಕೂತು ಕುಡಿಯುತ್ತಿದ್ದ. ಕುಡಿದು ಕುಡಿದು ಅವನಿಗೆ ಮುಪ್ಪೇ ಬರಲಿಲ್ಲ. ಊರು ಮಾತ್ರ ಸಿಕ್ಕುಗಟ್ಟಿದ ನೂಲಿನ ಉಂಡೆಯಾಯಿತು.

ಅತ್ತ ಗುಡ್ಡದ ಸೀಮೆಯಲ್ಲಿ ಮಾಳವ್ವ ಎಂಬ ಕುರಿಗಾರರ ಹುಡುಗಿ ಇದ್ದಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಅವಳಿಗೆ ಉಳಿದವನು ಅಣ್ಣ ಬೀರಣ್ಣ ಒಬ್ಬನೇ. ಅವನು ಕಂಬಳಿ ನೇಯುತ್ತಿದ್ದ. ಅವಳು ಅಂಚಿಗೆ ಕೆಂಪು ದಾರ ಹೊಲಿಯುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಬೀರಣ್ಣ ಬಳಸೂರಿನ ಕಂಬಳಿಪೇಟೆಗೆ ಹೋದವನು ಮಳೆಗಾಲ ಬಂದರೂ ಮರಳಲಿಲ್ಲ. ಮಾಳವ್ವ ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು ಹೊರಟಳು.

ಊರ ಬಾಗಿಲಲ್ಲಿ ಅಗಸರ ಕತ್ತೆಯೊಂದನ್ನು ಕಟ್ಟಿದ್ದರು. ಅದು ಮಾತಾಡುತ್ತಿತ್ತು.

"ಒಳಗೆ ಹೋಗಬೇಡ ತಂಗಿ," ಎಂದಿತು ಕತ್ತೆ. "ಇಲ್ಲಿಯವರು ತೋರಿಸೋ ಮೊದಲ ಸುಳ್ಳು ದಾರಿ ಹಿಡಿದರೆ ಪಾದ ಮರವಾಗುತ್ತೆ. ಎರಡನೆಯದಕ್ಕೆ ಮಂಡಿಯವರೆಗೆ. ಮೂರನೆಯ ಸುಳ್ಳಿಗೆ ನೀನೇ ಕೈಮರ."

ಕೈಮರವೆಂದರೆ ಕೂಡುದಾರಿಗಳಲ್ಲಿ ಕೈಚಾಚಿ ನಿಂತು ದಾರಿ ತೋರಿಸುವ ಕಂಬ.

"ನಮ್ಮಣ್ಣ ಒಳಗವ್ನೆ," ಎಂದಳು ಮಾಳವ್ವ. "ಅವನ್ನ ಬಿಟ್ಟು ನಾ ಹೆಂಗೆ ಹೋಗ್ಲಿ?"

"ಹಾಗಾದರೆ ಯಾರನ್ನೂ ದಾರಿ ಕೇಳಬೇಡ."

ಮಾಳವ್ವನಿಗೆ ನಗು ಬಂತು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ, ಕತ್ತೆಯ ಮಾತು ಕೇಳಿ ಬಾಯಿ ಮುಚ್ಚಿಕೊಳ್ಳುವುದೇ ಎಂದುಕೊಂಡು ಒಳಗೆ ಹೋದಳು.

ಮೊದಲು ಸಿಕ್ಕವನು ವೀಳ್ಯದೆಲೆ ಮಾರುವ ಶಾಂತಪ್ಪ.

"ಅಣ್ಣಾ, ಕಂಬಳಿಪೇಟೆ ಎಲ್ಲೈತೆ?"

ಶಾಂತಪ್ಪ ಹುಟ್ಟಿದಂದಿನಿಂದ ಆ ಪೇಟೆಯನ್ನು ಕಂಡಿರಲಿಲ್ಲ. ಆದರೂ ಎಲೆಗೆ ನೀರು ಚಿಮುಕಿಸುತ್ತ, "ಹೀಗೇ ನೇರ ಹೋಗಮ್ಮ, ಒಂದು ಅರಳಿಮರ ಸಿಗುತ್ತೆ, ಅಲ್ಲಿಂದ ಎಡಕ್ಕೆ," ಎಂದ. ಅವನ ಕೈ ತೋರಿದ ಕಡೆ ಗೋಡೆ ಸರಿದು ಓಣಿ ಹುಟ್ಟಿತು. ಮಾಳವ್ವ ನಡೆದೇ ನಡೆದಳು. ಅರಳಿಮರವೂ ಸಿಗಲಿಲ್ಲ, ಎಡವೂ ಸಿಗಲಿಲ್ಲ. ಕೊನೆಗೊಂದು ಮಣ್ಣಿನ ಗೋಡೆ ಎದುರಾಯಿತು. ಹಿಂತಿರುಗಿದರೆ ಪಾದಗಳು ಟಕ್ ಟಕ್ ಎಂದವು. ಎರಡೂ ಮರವಾಗಿದ್ದವು.

ಎರಡನೆಯವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ತುಂಗಮ್ಮ. ಆಕೆ ಮಾಳವ್ವನನ್ನು ಕೂರಿಸಿ, ತಣ್ಣನೆಯ ಮಜ್ಜಿಗೆ ಕೊಟ್ಟು, ಕತೆಯನ್ನೆಲ್ಲ ಕೇಳಿ ಕಣ್ಣೊರೆಸಿಕೊಂಡರು. ಅಷ್ಟು ಒಳ್ಳೆಯ ಹೆಂಗಸು.

"ಕಂಬಳಿಪೇಟೆ ನಿಜವಾಗ್ಲೂ ಗೊತ್ತಾ ಅಮ್ಮಾ?" ಎಂದು ಮಾಳವ್ವ ಎರಡು ಸಲ ಕೇಳಿದಳು.

ತನ್ನ ಜಗಲಿಯಲ್ಲಿ ಮಜ್ಜಿಗೆ ಕುಡಿದ ಹುಡುಗಿಗೆ ಗೊತ್ತಿಲ್ಲ ಎನ್ನುವುದು ಹೇಗೆ? "ಗೊತ್ತಿಲ್ಲದೆ ಏನು ಮಗಳೇ, ಬಾವಿ ದಾಟಿ ಬಲಕ್ಕೆ ತಿರುಗು," ಎಂದು ತುಂಗಮ್ಮ ಕೈ ತೋರಿಸಿಬಿಟ್ಟರು. ಆ ಕಡೆಗೂ ಓಣಿ ಹುಟ್ಟಿತು.

ಈ ಓಣಿ ಮುಗಿದದ್ದು ಒಂದು ಮೌನದ ಬಯಲಿನಲ್ಲಿ. ಅಲ್ಲಿ ತುಂಬ ಕೈಮರಗಳು ನಿಂತಿದ್ದವು. ಒಂದೊಂದರ ಕೈ ಒಂದೊಂದು ದಿಕ್ಕಿಗೆ. ಅವುಗಳಲ್ಲಿ ಒಂದರ ಹೆಗಲ ಮೇಲೆ ಕರಿ ಕಂಬಳಿಯಿತ್ತು. ಅಂಚಿನಲ್ಲಿ ಕೆಂಪು ದಾರವಿತ್ತು. ಆ ಹೊಲಿಗೆ ತನ್ನದೇ ಎಂದು ಮಾಳವ್ವನಿಗೆ ನೋಡಿದ ಕೂಡಲೇ ತಿಳಿಯಿತು. ಅವಳು ಆ ಕಂಬವನ್ನು ತಬ್ಬಿಕೊಂಡು ಅತ್ತಳು. ಅಳುವಷ್ಟರಲ್ಲಿ ಮಂಡಿಯವರೆಗೂ ಮರವೇರಿತು.

ಆಗ ಗೋಜಲನೇ ಗೋಪುರದಿಂದ ಇಳಿದು ಬಂದ. ಗಂಟು ಹೊತ್ತ ಮುದುಕನ ವೇಷ ಹಾಕಿ ಬಂದಿದ್ದ. ಮೂರನೆಯ ಸುಳ್ಳು ಯಾವಾಗಲೂ ಸಿಕ್ಕಿಬಿದ್ದವರ ಬಾಯಿಂದಲೇ ಬರಬೇಕಿತ್ತು. ಅವನ ಮಂತ್ರದ ಕೀಲು ಅಲ್ಲಿತ್ತು.

"ತಾಯಿ, ನಾನು ಪರಸ್ಥಳದವನು. ಊರ ಬಾಗಿಲು ಯಾವ ಕಡೆ?" ಎಂದ ಮುದುಕ.

ಮಾಳವ್ವ ಸುತ್ತಲಿನ ಕೈಮರಗಳತ್ತ ನೋಡಿದಳು.

"ಒಂದು ಕಡೆ ಕೈ ತೋರಿಸಿದರೆ ಸಾಕು. ನನಗೆ ಅಷ್ಟೇ ಧೈರ್ಯ. ಸಿಗದಿದ್ದರೂ ನಿನ್ನ ಬೈಯುವುದಿಲ್ಲ."

ಅವಳ ಬಲಗೈ ತಾನಾಗಿಯೇ ಮೇಲೇಳತೊಡಗಿತು. ಪಾಪ, ಮುದುಕ, ಏನಾದರೂ ಹೇಳಿ ಕಳಿಸೋಣ ಎಂದು ಅವಳಿಗೂ ಅನ್ನಿಸಿತು. ಅಷ್ಟರಲ್ಲಿ ಗುಡ್ಡದ ಕಟ್ಟಳೆ ನೆನಪಾಯಿತು. ಗುಡ್ಡದಾಚೆ ನೀರಿದೆಯೇ ಎಂದು ಕೇಳಿದರೆ, ಕಣ್ಣಾರೆ ಕಂಡ ಕುರಿಗಾರ ಮಾತ್ರ ಹೌದು ಎನ್ನಬೇಕು. ಕಾಣದವನು ಕಾಣೆ ಎಂದು ಒಪ್ಪಿಕೊಂಡು, ಕೇಳಿದವನ ಜೊತೆ ಹುಡುಕಲು ಹೋಗಬೇಕು. ಅಂದಾಜಿನ ಮಾತು ನಂಬಿ ಬಾಯಾರಿ ಸತ್ತ ಮಂದೆಗಳ ಕತೆ ಅವಳು ಅಪ್ಪನ ಬಾಯಲ್ಲಿ ಕೇಳಿದ್ದಳು.

ಮಾಳವ್ವ ಏಳುತ್ತಿದ್ದ ಕೈಯಿಂದಲೇ ಮುದುಕನ ಕೈ ಹಿಡಿದಳು.

"ನಾ ಕಾಣೆ ಕಣಜ್ಜ," ಎಂದಳು. "ಬಾ, ಕೂಡಿ ಹುಡುಕಾನ."

ಆ ಊರಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಮುದುಕನ ಮುಖ ಬಿಳುಪೇರಿತು. ಕಂಬಳಿಯಿಂದ ಸಡಿಲ ಎಳೆ ಕಿತ್ತುಬರುವಂತೆ ಅವಳು ಬಂದಿದ್ದ ಓಣಿ ಸರ್ರನೆ ಕಿತ್ತುಬಂದು ಮಾಯವಾಯಿತು. ಮಾಳವ್ವನ ಕಾಲು ಮತ್ತೆ ಕಾಲಾಯಿತು. ಎದುರಿಗೆ ತುಂಗಮ್ಮನ ಜಗಲಿಯೇ ಇತ್ತು.

ಗೋಜಲ ಕೈ ಕೊಸರಿಕೊಂಡು ಓಡಿದ. ಮಾಳವ್ವ ಅವನ ಬೆನ್ನು ಹತ್ತಲಿಲ್ಲ. ಸೀದಾ ಜಗಲಿಗೆ ಹೋದಳು.

"ಅಮ್ಮಾ, ನಿಮ್ಮ ಮಜ್ಜಿಗೆ ನಾ ಮರೆಯಾಕಿಲ್ಲ. ದಾರಿ ನಿಮಗೆ ಗೊತ್ತಿತ್ತಾ?"

ತುಂಗಮ್ಮ ಮೊರ ಕೆಳಗಿಟ್ಟರು. ಸೆರಗು ಹಿಂಡುತ್ತ ಮೆಲ್ಲಗೆ, "ಗೊತ್ತಿಲ್ಲ ಮಗಳೇ," ಎಂದರು. ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು, ಮನೆತನಕ್ಕೆ ಏನೂ ಆಗಿರಲಿಲ್ಲ. ತಲೆಯ ಮೇಲಿನ ಕೊಡ ಇಳಿಸಿದಷ್ಟು ಹಗುರವಾಯಿತು. ಅವರು ನಕ್ಕು ಇನ್ನೊಮ್ಮೆ ಹೇಳಿದರು. ಅತ್ತ ಶಾಂತಪ್ಪನೂ ಎಲೆಬುಟ್ಟಿ ಬಿಟ್ಟು ಎದ್ದು, "ನಂಗೂ ಗೊತ್ತಿರಲಿಲ್ಲ ಕಣಮ್ಮ," ಎಂದ. ಕಿಟಕಿಗಳು ತೆರೆದವು. ಮನೆಮನೆಯಿಂದಲೂ ಅದೇ ಮಾತು ಬಂತು. ಒಂದೊಂದು ಮಾತಿಗೂ ಒಂದೊಂದು ಓಣಿ ಅಳಿಯಿತು. ಕೊನೆಗೆ ಉಳಿದದ್ದು ನಾಲ್ಕು ಬೀದಿ, ಒಂದು ಬಾವಿ, ಒಂದು ಬಾಗಿಲು. ಕಂಬಳಿಪೇಟೆ ಆ ಬಾಗಿಲಿನ ಪಕ್ಕದಲ್ಲೇ ಇತ್ತು.

ಕೈಮರಗಳೆಲ್ಲ ಮೈಮುರಿದು ಮನುಷ್ಯರಾದವು. ಬೀರಣ್ಣ ಕಣ್ಣುಜ್ಜಿಕೊಂಡು ಬಂದ.

"ನೀನೂ ಕುರಿಗಾರನೇ ಅಲ್ಲವಾ ಅಣ್ಣಾ? ಕಾಣೆ ಅನ್ನೋಕೆ ಏನಾಗಿತ್ತು?" ಎಂದಳು ಮಾಳವ್ವ.

ಬೀರಣ್ಣ ತಲೆ ತಗ್ಗಿಸಿದ. "ಗುಡ್ಡದ ಗಮಾರ ಅಂದ್ಕೋತಾರೆ ಅಂತ ನಾಚಿಕೆ ಆಯ್ತು ಕಣವ್ವ."

ಮಾಳವ್ವ ಬೈಯಲಿಲ್ಲ. ಜಾರಿದ ಕಂಬಳಿಯನ್ನು ಅವನ ಹೆಗಲಿಗೆ ಸರಿಮಾಡಿದಳು.

ಓಣಿಗಳ ಜೊತೆ ಗೋಪುರವೂ ಹೋಗಿತ್ತು. ಕುಡಿದ ಹೊತ್ತೆಲ್ಲ ಇಳಿದು ಗೋಜಲ ನಿಜವಾಗಿಯೇ ಹಣ್ಣುಮುದುಕನಾದ. ಸಿಕ್ಕಸಿಕ್ಕವರನ್ನು, "ನನ್ನ ಗೋಪುರ ಎಲ್ಲಪ್ಪ?" ಎಂದು ಕೇಳಿದ. ಎಲ್ಲರೂ, "ಗೊತ್ತಿಲ್ಲ ಸ್ವಾಮಿ," ಎಂದರು. ಅದು ನಿಜವೇ ಆಗಿತ್ತು. ಕತ್ತೆ ಮಾತ್ರ ಹಿಂಗಾಲೆತ್ತಿ ಅವನಿಗೆ ಬಾಗಿಲಾಚೆಯ ದಾರಿ ತೋರಿಸಿತು. ಅವನು ಮತ್ತೆ ಬರಲಿಲ್ಲ.

ಬಳಸೂರಿನವರು ಸುಖವಾಗಿ ಬಾಳಿದರು. ಅಣ್ಣ ತಂಗಿ ಗುಡ್ಡಕ್ಕೆ ಮರಳಿ, ವರ್ಷಕ್ಕೊಮ್ಮೆ ಕಂಬಳಿ ಹೊತ್ತು ಬಂದು ತುಂಗಮ್ಮನ ಜಗಲಿಯಲ್ಲಿ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಆ ಊರಲ್ಲಿ ಈಗಲೂ ದಾರಿ ಕೇಳಿದರೆ, ಗೊತ್ತಿದ್ದವರು ಹೇಳುತ್ತಾರೆ. ಗೊತ್ತಿಲ್ಲದವರು ಕೈಕೆಲಸ ಬಿಟ್ಟು, ಚಪ್ಪಲಿ ಮೆಟ್ಟಿ, ನಿಮ್ಮ ಜೊತೆ ಹೊರಡುತ್ತಾರೆ.