ಶಿಬಿರಕ್ಕೆ ಬಾರದ ಹುಡುಗಿ

ಹನ್ನೊಂದು ವರ್ಷಗಳಿಂದ ಸಂಗಮೇಶ ಕತೆ ಬರೆಯುತ್ತಿದ್ದ, ನರಸಿಂಹಯ್ಯನವರು ಅದನ್ನು ಮೈಕಿನಲ್ಲಿ ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ಅವರಿಗೆ, ಶಾಲು ಅವರಿಗೆ. ಅಬ್ಬಿಗೆರೆಯ ತಮ್ಮ ತೋಟದಲ್ಲಿ ಪ್ರತಿ ಏಪ್ರಿಲ್ ಬಡ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುವ ದೊಡ್ಡ ಮನುಷ್ಯರು ಅವರು. ಆದರೆ ಶಿಬಿರಕ್ಕೆ ದೇಣಿಗೆ ಬರುತ್ತಿದ್ದದ್ದು ಸಂಗಮೇಶನ ಕತೆಗಳಿಂದ. ಒಂದು ಮಗುವಿನ ಬದುಕನ್ನು ಒಂದೇ ಪುಟದಲ್ಲಿ ಹೇಳಿ, ಓದಿದವರ ಕೈ ತಾನಾಗಿ ಜೇಬಿಗೆ ಹೋಗುವಂತೆ ಮಾಡುವ ವಿದ್ಯೆ ಅವನದು. ಈ ವರ್ಷ ಕರಪತ್ರದಲ್ಲಿ ತನ್ನ ಹೆಸರೂ ಇರಲಿ ಎಂದದ್ದಕ್ಕೆ ನರಸಿಂಹಯ್ಯನವರು ನಕ್ಕುಬಿಟ್ಟರು.

“ಈಗ ಇದ್ನೆಲ್ಲ ಮೊಬೈಲೇ ಬರ್ಕೊಡುತ್ತೆ ಕಣಪ್ಪಾ. ಮುಂದಿನ್ ವರ್ಷದಿಂದ ನೀನು ರೆಸ್ಟ್ ತಗೋ.”

ಆ ನಗು ಆರ್.ಟಿ. ನಗರದ ಮನೆ ಮುಟ್ಟುವವರೆಗೂ ಕಿವಿಯಲ್ಲೇ ಇತ್ತು. ಸರಿ, ಕೊನೆಯ ಕತೆ ನನಗಾಗಿ ಎಂದುಕೊಂಡ.

ಇಷ್ಟು ವರ್ಷ ಬರೆದದ್ದೆಲ್ಲ ನಿಜವಾದ ಮಕ್ಕಳ ಕತೆ. ನಿಜವಾದ ಮಕ್ಕಳದ್ದು ರಗಳೆ. ಅವರಿಗೆ ಅಪ್ಪ ಅಮ್ಮ ಇರುತ್ತಾರೆ, ಬಂದು ಪ್ರಶ್ನೆ ಕೇಳುತ್ತಾರೆ. ಇಲ್ಲದ ಮಗುವಿನ ಪರವಾಗಿ ಯಾರು ಬಂದಾರು? ಹಾಗಾಗಿ ಅವನು ಯಶೋಧಾ ಎಂಬವಳನ್ನು ಹುಟ್ಟಿಸಿದ. ಏಳು ವರ್ಷ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹೂವು ಮಾರುವ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ. ಒಂದು ಸಂಜೆ ಅವಳೊಬ್ಬಳೇ ಅಳುತ್ತಾ ನಿಂತಿದ್ದಳೆಂದೂ, ತಾನು ಬನ್ನು ಕೊಡಿಸಿ ಶಿಬಿರಕ್ಕೆ ಕರೆತಂದೆನೆಂದೂ ಬರೆದ. ಫೋಟೋ ಹಾಕಲಿಲ್ಲ. ಇಂಥ ಕತೆಗಳ ಕೆಳಗೆ ಎಲ್ಲರೂ ಹಾಕುವ ಸಾಲನ್ನೇ ಹಾಕಿದ: ‘ಮಗುವಿನ ಹಿತದೃಷ್ಟಿಯಿಂದ ಹೆಸರು ಬದಲಿಸಲಾಗಿದೆ.’ ಇನ್ನು ಕೇಳುವವರ ಬಾಯಿ ಕಟ್ಟಿದಂತೆಯೇ. ಅದರ ಕೆಳಗೆ ತನ್ನ ಹೆಸರು, ದೇಣಿಗೆಗೆ ತನ್ನದೇ ಖಾತೆಯ ಕ್ಯೂಆರ್ ಕೋಡ್.

ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಕತೆ ಹರಿದಾಡಿತು. ಯಾರೋ ನರಸಿಂಹಯ್ಯನವರನ್ನು ಹೊಗಳಿದಾಗ, ಏನೂ ಗೊತ್ತಿಲ್ಲದಿದ್ದರೂ ಅವರು ಕೈ ಮುಗಿದರಂತೆ. ಸಂಗಮೇಶ ಮನಸಾರೆ ನಕ್ಕ.

ಆದರೆ ಹುಡುಗಿಯನ್ನು ನೋಡಬೇಕು, ಫ್ರಾಕ್ ಕೊಡಿಸಬೇಕು ಎನ್ನುವವರು ಹೆಚ್ಚಾದರು. ಕತೆಯಲ್ಲಿ ಅವಳನ್ನು ಸಾಯಿಸಿದರೆ ಆಸ್ಪತ್ರೆ ಯಾವುದು ಎನ್ನುತ್ತಾರೆ. ಅದಕ್ಕೇ ಅವಳಿಗೊಬ್ಬ ಸೋದರಮಾವನನ್ನು ಕೊಟ್ಟ. ಆತ ಹುಡುಕಿಕೊಂಡು ಬಂದ, ತಾನೇ ಯಶವಂತಪುರದಲ್ಲಿ ಇಬ್ಬರನ್ನೂ ಬಸ್ಸು ಹತ್ತಿಸಿದೆ, ಮಗು ಕಿಟಕಿಯಿಂದ ಕೈ ಬೀಸಿತು ಎಂದು ಬರೆದು ಕತೆ ಮುಗಿಸಿದ. ಎಲ್ಲೂ ಒಂದು ಎಳೆ ಬಿಟ್ಟಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ನರಸಿಂಹಯ್ಯನವರ ಫೋನ್ ಬಂತು. “ಆ ಹೂವಿನ್ ಹುಡ್ಗಿ ವಿಷ್ಯ. ಬೇಗ ತೋಟಕ್ಕೆ ಬಾ.”

ದುಡ್ಡಿನ ಮಾತು ಬಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ತೋಟದಲ್ಲಿ ಯಾರೂ ದುಡ್ಡಿನ ಮಾತೆತ್ತಲಿಲ್ಲ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಪಕ್ಕದಲ್ಲಿ ಮಹಿಳಾ ಪೊಲೀಸು.

“ಇವ್ನೇ ನೋಡು ಕಲಾವತಿ, ನಿನ್ ಮಗೂನ ಕಾಪಾಡ್ದೋನು,” ಎಂದು ನರಸಿಂಹಯ್ಯನವರು ಹೆಮ್ಮೆಯಿಂದ ಅವನ ಬೆನ್ನು ತಟ್ಟಿದರು.

ಕಲಾವತಿ ಬಂದು ಅವನ ಕಾಲಿಗೆ ಬಿದ್ದಳು. ತಿಂಗಳ ಹಿಂದೆ ಅದೇ ಸಿಗ್ನಲ್‌ನಲ್ಲಿ ಅವಳ ಮಗಳು ಕಾಣೆಯಾಗಿದ್ದಳು. ಏಳು ವರ್ಷ, ಹೂವು ಮಾರುತ್ತಿದ್ದಳು, ಹಲ್ಲು ಬಿದ್ದಿತ್ತು.

ಸಂಗಮೇಶ ಬಗ್ಗಿ ಅವಳನ್ನು ಎಬ್ಬಿಸಲು ನೋಡಿದ. “ಅವ್ಳು ಯಶೋಧಾ ಅಮ್ಮಾ. ನಿಮ್ ಮಗ್ಳಲ್ಲ.”

“ನನ್ ಮಗ್ಳು ವೇದಾ. ಹೆಸ್ರು ಬದ್ಲಾಯ್ಸಿದೀವಿ ಅಂತ ನೀವೇ ಬರ್ದಿದೀರಲ್ಲಣ್ಣಾ.”

“ಅಂಥಾ ಹುಡ್ಗೀನೇ ಇಲ್ಲ! ಎಲ್ಲಾ ನಾನು ಕಟ್ಟಿದ್ದು!” ಎಂದು ಕೂಗಿಬಿಟ್ಟ. ತಾನು ಕಳ್ಳ ಎಂದು ತಾನೇ ಒಪ್ಪಿಕೊಂಡದ್ದೂ ಅವನಿಗೆ ಆಗ ಲೆಕ್ಕಕ್ಕಿರಲಿಲ್ಲ. ಒಬ್ಬರಾದರೂ ನಂಬಬೇಕಲ್ಲ! ಪೊಲೀಸಮ್ಮ ಮೊಬೈಲಿನಲ್ಲಿ ಆ ಕತೆಯನ್ನೇ ಹಿಡಿದಿದ್ದಳು. ಬನ್ನು ಕೊಡಿಸಿದ್ದು, ಬಸ್ಸು ಹತ್ತಿಸಿದ್ದು, ಎಲ್ಲವೂ ಅವನದೇ ಮಾತಿನಲ್ಲಿ ಇತ್ತು.

ಕಲಾವತಿ ಕಾಲು ಬಿಟ್ಟು ಎದ್ದಳು. ಮೊದಲ ಬಾರಿಗೆ ಅವನ ಮುಖವನ್ನು ನೆಟ್ಟಗೆ ನೋಡಿದಳು. “ಸೋದರ್‌ಮಾವ ಅಂತ ಬರ್ದಿದೀರಿ. ನಂಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಮ್ಮಪ್ಪನಿಗೆ ನಾನೊಬ್ಳೇ. ನನ್ ಮಗೂನ ಯಾರ್ ಕೈಗೆ ಕೊಟ್ರಿ?”