ಕಾಮಕಸ್ತೂರಿಯ ಬುಟ್ಟಿ

ಕ್ಯಾಮೆರಾ ಕೊಡಲು ಚಾಚಿದ ಮಹಾಸಿನಳ ಕೈ ಅಲ್ಲೇ ನಿಂತುಬಿಟ್ಟಿತು.

ಆ ಕಣ್ಣುಗಳು... ರಮ್ಝಿ!

ತಲೆ ನರೆತಿತ್ತು, ಕೆನ್ನೆ ಒಳಸರಿದಿತ್ತು. ಆದರೂ ರೊಟ್ಟಿ ಅಂಗಡಿಯ ಬಾಗಿಲಲ್ಲಿ ನಿಂತು ತನ್ನ ಬಾಲ್ಕನಿಯನ್ನೇ ನೋಡುತ್ತಿದ್ದ ಕಣ್ಣುಗಳನ್ನು ಅವಳು ಮರೆಯುವುದುಂಟೇ?

"ನನ್ನ ಗುರುತು ಸಿಗಲಿಲ್ವಾ?" ಅವಳು ಕೇಳಿದಳು.

"ಇಲ್ಲ ಮೇಡಂ." ಅವನು ತಲೆ ತಗ್ಗಿಸಿಯೇ ಕ್ಯಾಮೆರಾ ತೆಗೆದುಕೊಂಡ.

ಇಲ್ಲವಂತೆ!

ಅಲೆಕ್ಸಾಂಡ್ರಿಯಾದ ಆ ಆಶ್ರಯಧಾಮಕ್ಕೆ ಅವಳು ಬಂದದ್ದು ಸಂಶೋಧನೆಗಾಗಿ. ಹಲವು ದೇಶಗಳಲ್ಲಿ ಒಟ್ಟಿಗೇ ನಡೆಯುತ್ತಿದ್ದ ಕೆಲಸ. ಮನೆಯಿಲ್ಲದವರ ಕೈಗೇ ಕ್ಯಾಮೆರಾ ಕೊಟ್ಟು, 'ಮನೆ ಅಂದರೆ ನಿಮಗೇನು, ತೆಗೆದು ತೋರಿಸಿ' ಎನ್ನುವುದು. ಅದಕ್ಕೆರಡು ಕಟ್ಟಳೆ. ಕೇಳದೆ ಯಾರ ಮುಖವನ್ನೂ ತೆಗೆಯಬಾರದು. ಚಿತ್ರದ ಅರ್ಥವನ್ನು ತೆಗೆದವರೇ ಹೇಳಬೇಕು, ಬೇರೆಯವರು ಬಾಯಿ ಹಾಕಬಾರದು.

ಸಂಜೆ ತನ್ನ ಮನೆಯ ಬಾಲ್ಕನಿಯಿಂದ ಕೆಳಗಿನ ಅಂಗಡಿಯ ರೊಟ್ಟಿಗೆಂದು ಬುಟ್ಟಿ ಇಳಿಸುವಾಗ ಮಹಾಸಿನಳ ಮನಸ್ಸು ಹಿಂದಕ್ಕೆ ಓಡಿತು.

ಇದೇ ಬಾಲ್ಕನಿ. ಆಗಲೂ ಹೀಗೇ ಹಗ್ಗ ಕಟ್ಟಿದ ಬುಟ್ಟಿ. ಬಿಸಿ ರೊಟ್ಟಿಯ ಮೇಲೆ, ಅಂಗಡಿಯಲ್ಲಿ ಕೆಲಸಕ್ಕಿದ್ದ ರಮ್ಝಿ ದಿನವೂ ಒಂದು ಕಾಮಕಸ್ತೂರಿ ಕುಡಿ ಇಟ್ಟು ಕಳಿಸುತ್ತಿದ್ದ. ಒಂದು ದಿನ ಕೆಳಗಿನಿಂದಲೇ ಕೇಳಿದ್ದ, "ಶುಕ್ರವಾರ ನಿಮ್ಮಪ್ಪನ್ನ ಕಾಣೋಕೆ ಬರ್ಲಾ? ಹೂಂ ಅಂದ್ರೆ ಕುಡಿ ವಾಪಸ್ ಇಳಿಸು."

ಅವಳು ಇಳಿಸಿದ್ದಳು. ಅವನು ಅದನ್ನು ಕಣ್ಣಿಗೊತ್ತಿಕೊಂಡಿದ್ದ.

ಶುಕ್ರವಾರ ಚಹಾದ ಲೋಟಗಳನ್ನು ತೊಳೆದು ಜೋಡಿಸಿ ಕಾದಳು... ಅವನು ಬರಲಿಲ್ಲ. ಅಂಗಡಿಗೂ ಮತ್ತೆ ಬರಲಿಲ್ಲ. ಆಮೇಲೆ ಬಂದ ಯಾವ ಸಂಬಂಧಕ್ಕೂ ಅವಳು ಒಪ್ಪಲಿಲ್ಲ.

'ನಾನು ಬೇಡವಾದೆ ಸರಿ. ಗುರುತೂ ಬೇಡವಾಯಿತೇ?'

ಚಿತ್ರಗಳು ಬಂದ ದಿನ ಎಲ್ಲರೂ ಮೇಜಿನ ಸುತ್ತ ಕೂತರು. ಮೊದಲು ಮುದುಕಿ ಉಮ್ಮ್ ಹಾಶಿಮ್ ಎದ್ದಳು.

"ಇದು ನನ್ನ ಚಪ್ಪಲಿ ಕಣ್ರಪ್ಪಾ. ಯಾರಾದ್ರೂ ಎತ್ಕೊಂಡು ಹೋದಾರು ಅಂತ ದಿಂಬಿನ ಕೆಳಗಿಟ್ಟು ಮಲಗ್ತೀನಿ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನೆಮ್ಮದಿಯಾಗಿ ಮಲಗೋ ಜಾಗ ಇದೆಯಲ್ಲ, ಅದೇ ಮನೆ!"

ಆಮೇಲೆ ರಮ್ಝಿಯ ಚಿತ್ರ. ಬೀದಿಯಿಂದ ಮೇಲಕ್ಕೆ ನೋಡಿ ತೆಗೆದದ್ದು. ಒಂದು ಬಾಲ್ಕನಿ, ಕಟಕಟೆಗೆ ಕಟ್ಟಿದ ಹಗ್ಗ, ಅರ್ಧದಲ್ಲಿ ತೂಗುವ ಬುಟ್ಟಿ.

ಮಹಾಸಿನ್ ಚಿತ್ರದತ್ತ ಬಾಗಿದಳು. ತನ್ನದೇ ಬಾಲ್ಕನಿ!

ಬಾಯಿ ಬಿಡಲು ಹೋದಳು... ಕಟ್ಟಳೆ ತಡೆಯಿತು.

"ಏನಯ್ಯಾ, ನಿಂಗೆ ಬುಟ್ಟಿ ಇಳಿಸೋರು ಯಾರಿದ್ದಾರೆ?" ಉಮ್ಮ್ ಹಾಶಿಮ್ ಕೆಣಕಿದಳು.

ರಮ್ಝಿ ಚಿತ್ರದ ಅಂಚನ್ನು ಬೆರಳಲ್ಲಿ ಸವರಿದ. ಕೆಣಕಿದ ಮುದುಕಿಯೇ ತನ್ನ ಚಹಾದ ಲೋಟವನ್ನು ಅವನ ಕಡೆ ಸರಿಸಿದಳು.

"ಒಬ್ಬಳಿದ್ದಳಮ್ಮ. ಅವಳನ್ನ ಕೇಳೋಕೆ ಹೋಗೋ ದಿನ ಬೆಳಿಗ್ಗೆ ನಾವಿದ್ದ ಕಟ್ಟಡ ಕುಸಿದು ಬಿತ್ತು. ಅಮ್ಮ ಒಳಗಿದ್ರು..." ಅವನು ಒಂದು ಗುಟುಕು ಚಹಾ ಕುಡಿದ. "ಹೆಣ್ಣು ಕೇಳೋಕೆ ಹೋದ್ರೆ, ಮಗಳನ್ನ ಯಾವ ಮನೇಲಿ ಇಡ್ತೀಯ ಅಂತ ತಾನೇ ಮೊದಲು ಕೇಳೋದು? ಮನೆ ಮಾಡ್ಕೊಂಡೇ ಹೋಗೋಣ ಅಂದ್ಕೊಂಡೆ. ಮಾಡೋಕೆ ಆಗ್ಲೇ ಇಲ್ಲ."

"ಅಯ್ಯೋ ಮಗನೇ... ಚಿತ್ರದಲ್ಲಿ ಅವಳೆಲ್ಲಿ?"

"ಒಳಗೆ ಹೋಗೋವರೆಗೂ ಕಾದು ತೆಗೆದೆ. ಕೇಳದೆ ಮುಖ ತೆಗೀಬಾರದು ಅಂತ ಅವರೇ ಹೇಳಿದ್ರಲ್ಲ." ಅವನು ಮೊದಲ ಸಲ ತಲೆ ಎತ್ತಿ ಮಹಾಸಿನಳನ್ನು ನೋಡಿದ.

ಎಲ್ಲರ ಕಣ್ಣೂ ಮಹಾಸಿನಳ ಕಡೆ ಹೊರಳಿದವು!

ಸಭೆ ಮುಗಿದ ಮೇಲೆ ಅಂಗಳದಲ್ಲಿ ಅವಳು ಅವನನ್ನು ತಡೆದಳು.

"ಗುರುತಿಲ್ಲ ಅಂದ್ಯಲ್ಲ!"

"ಇಲ್ಲಿ ನಿಂತು ಯಾವ ಮುಖ ಇಟ್ಕೊಂಡು ಗುರುತಿದೆ ಅನ್ನಲಿ, ಮಹಾಸಿನ್?"

"ಹುಚ್ಚಪ್ಪಾ! ಮನೆ ಕೇಳ್ತಿದ್ದದ್ದು ನಮ್ಮಪ್ಪ. ನಾನು ಕೇಳಿದ್ನಾ? ನಾನು ಕುಡಿ ಇಳಿಸಿದ್ದೆ... ಅಷ್ಟೇ!"

ಇಬ್ಬರೂ ಅತ್ತರು.

ಸಂಶೋಧನೆಯ ಕೆಲಸ ಮುಗಿಯಿತು. ಆ ಶುಕ್ರವಾರ, ನಮಾಜು ಮುಗಿದ ಹೊತ್ತಿಗೆ, ಬಾಲ್ಕನಿಯಿಂದ ಬುಟ್ಟಿ ಮೆಲ್ಲಗೆ ಇಳಿಯಿತು. ಒಳಗೆ ಒಂದೇ ಒಂದು ಕಾಮಕಸ್ತೂರಿ ಕುಡಿ.

ಕೆಳಗೆ ನಿಂತಿದ್ದ ರಮ್ಝಿ ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಕ್ಯಾಮೆರಾ ಎತ್ತಿದ.

"ಈಗ ಮುಖ ತೆಗೀಬಹುದಾ?"

"ಕೇಳಿದೆಯಲ್ಲ, ತೆಗಿ." ನರೆಗೂದಲನ್ನು ಹಿಂದಕ್ಕೆ ಸರಿಸಿಕೊಂಡು ಅವಳು ನಕ್ಕಳು. "ಈಗಲೂ ಕೆಳಗೇ ನಿಂತಿರ್ತೀಯಾ? ಚಹಾ ಆರ್ತಿದೆ."

"ಬರ್ಲಾ?"

"ಬಾ. ಚಪ್ಪಲಿ ಬಾಗಿಲ ಹೊರಗೇ ಬಿಡು... ಯಾರೂ ಎತ್ಕೊಂಡು ಹೋಗಲ್ಲ."